ಕಿವಿಸ್ತಿಕ್ ಮನೆಯ ಏಣಿ

ವೋರು ಪಟ್ಟಣದ ಅಂಚೆಕಚೇರಿಯಲ್ಲಿ ಮೂವತ್ತೊಂದು ವರ್ಷ
ಕಾಗದ ವಿಂಗಡಿಸಿದವಳು ವೈಕೆ ಕಿವಿಸ್ತಿಕ್.
ಕುಡುಕರ ಕೈಬರಹ, ಮಳೆಗೆ ಕದಡಿದ ವಿಳಾಸ,
ಸೈನ್ಯದ ಹುಡುಗರು ಮಂಡಿಯ ಮೇಲಿಟ್ಟು ಗೀಚಿದ್ದು
ಎಲ್ಲ ಓದಿದವಳಿಗೆ
ತಾರ್ತುವಿನ ದಫ್ತರಖಾನೆಯ ಈ ಗುಮಾಸ್ತ
ಯಾವ ಲೆಕ್ಕ?

ಆದರೂ ಮೊದಲ ವಾರ ಸೋತಳು.
ಜರ್ಮನ್ ಅಕ್ಷರಗಳು ಬೇಲಿಯ ಗೂಟಗಳಂತೆ ಒಂದೇ ಸಮ,
ಯಾವುದು ಯಾವುದೆಂದು ಅವಕ್ಕೇ ಗೊತ್ತಿಲ್ಲ.
ಪಕ್ಕದ ಮೇಜಿನ ಹುಡುಗ ಭೂತಗನ್ನಡಿ ದಾಟಿಸಿದ.
ಎರಡನೆಯ ವಾರ ಗುಮಾಸ್ತನ ಮೊಣಕೈ ಕಂಡಿತು:
ಊಟಕ್ಕೆ ಮುಂಚೆ ಬಿಗಿ, ಉಂಡ ಮೇಲೆ ಸಡಿಲ,
ಸಂಜೆಯ ಹೊತ್ತಿಗೆ ಒಂದೊಂದು ಜೀವಕ್ಕೂ
ಅರ್ಧ ಗೆರೆ.

ಜೀವಗಳ ಗಣತಿ, ಸಾವಿರದ ಎಂಟುನೂರ ಇಪ್ಪತ್ತಾರು.
ಎಡಪುಟದಲ್ಲಿ ಗಂಡಸರು, ಬಲಪುಟದಲ್ಲಿ ಹೆಂಗಸರು,
ನಡುವೆ ದಾರದ ಹೊಲಿಗೆ.
ಪುಸ್ತಕ ಮುಚ್ಚಿದರೆ ಮಾತ್ರ
ಗಂಡಹೆಂಡಿರು ಮುಖಕ್ಕೆ ಮುಖ.

ಅದಕ್ಕೂ ಹಿಂದೆ ಇವರಿಗೆ ಮನೆಹೆಸರಿಲ್ಲ.
ಹನ್ಸನ ಮಗ ಟೋನು, ಟೋನುವಿನ ಮಗ ಪೇಪ್,
ಕೊಂಡಿ ಕಳಚಿದರೆ ಕೇಳುವವರಿಲ್ಲ.
ಜೀತ ಮುಗಿಯಿತು ಎಂದರು, ಹೆಸರು ಕೊಡುತ್ತೇವೆ ಬನ್ನಿ ಎಂದರು.
ನೆಲ ಕೊಡಲಿಲ್ಲ.
ಗುಮಾಸ್ತ ಕಿಟಕಿಯಾಚೆ ನೋಡಿದ್ದಾನು:
ಕಲ್ಲು ಕಂಡಿತು, ಬರೆದ. ಹಕ್ಕಿ ಹಾರಿತು, ಬರೆದ.
ಮದುವೆಯ ಪಾತ್ರೆಗೆ ಹೆಸರು ಹೊಡೆಸಿದ ಹಾಗೆ,
ಸಾಲಾಗಿ.

ಅವಳ ನುಡಿಯಲ್ಲಿ ಕಿವಿ ಎಂದರೆ ಕಲ್ಲು.
ನಮ್ಮದರಲ್ಲಿ ಕೇಳುವುದು
ಅವಳದರಲ್ಲಿ ಸುಮ್ಮನೆ ಬಿದ್ದಿರುವುದು.
ಕಿವಿಸ್ತಿಕ್: ಕಲ್ಲೇ ಕಲ್ಲಾದ ಹೊಲ.
ಆ ಹೊಲ ಇಂದಿಗೂ ಹಾಗೇ ಇದೆ. ಹಿಮ ಕರಗಿದ ಮೇಲೆ
ಪ್ರತಿ ವಸಂತಕ್ಕೂ ಹೊಸ ಕಲ್ಲು ಹೆರುತ್ತದೆ.

ಗುರುವಾರ ಮಧ್ಯಾಹ್ನ ಮೂರಕ್ಕೆ ಸಿಕ್ಕಿತು.
ಬಲಪುಟದಲ್ಲಿ ಟೋನುವಿನ ವಿಧವೆ ಮಾರೆಟ್, ವಯಸ್ಸು ಐವತ್ತು.
ಹತ್ತು ವರ್ಷದ ಹಿಂದಿನ ಗಣತಿಯಲ್ಲಿ ನಲವತ್ತೈದು.
ಅರ್ಧ ಮುಪ್ಪನ್ನು ಎಲ್ಲಿ ಬಚ್ಚಿಟ್ಟಳೋ ಪುಣ್ಯಾತಗಿತ್ತಿ.
ಎಡಪುಟದಲ್ಲಿ ಅವಳ ಮಕ್ಕಳಿಬ್ಬರು.
ಹಿರಿಯ ಪೇಪ್, ಮೇಲಿನ ಒಕ್ಕಲು, ಅವನಿಗೆ ಕಲ್ಲು.
ಕಿರಿಯ ಮಿಹ್ಕೆಲ್, ಕೆಳಗಿನ ಒಕ್ಕಲು,
ಉಂಡ ಮೇಲಿನ ಕೈಬರಹ,
ಅವನಿಗೆ ಕೊಕ್ಕರೆ: ಕುರ್ಗ್.

ಕುರ್ಗ್!
ವೈಕೆ ಕನ್ನಡಕ ತೆಗೆದು ಒರೆಸಿದಳು. ಮತ್ತೆ ಓದಿದಳು.
ಬೇಲಿಯಾಚೆಯ ಎಂಡೆಲ್ ಕುರ್ಗ್.
ಅವನಜ್ಜನಿಗೂ ಇವಳಜ್ಜನಿಗೂ ಒಂದು ಬಾವಿಯ ಖಟ್ಲೆ.
ಆ ಮನೆಯ ಹೊಗೆ ಕಂಡರೂ ಅಮ್ಮ ಮುಖ ತಿರುಗಿಸುವಳು:
"ಕುರ್ಗ್ ಜನಕ್ಕೆ ಉಪ್ಪು ಕೊಟ್ಟರೆ ಹಿಟ್ಟೂ ಹೋಯಿತು."
ತಿರುಗಿಸಿದ ಆ ಮುಖದ ಮೂಗು
ಎಂಡೆಲ್‌ನ ಮೂಗು.
ಇಷ್ಟು ಕಾಲ ಯಾರೂ ನೋಡಲಿಲ್ಲವೆ?

ತಪ್ಪು ಖಾನೆಗೆ ಬಿದ್ದ ಕಾಗದವನ್ನು ಸರಿಪಡಿಸಲು
ಅವಳಿಗೆ ಒಂದು ಗಳಿಗೆ ಸಾಕಿತ್ತು.
ಇದಕ್ಕೆ ಖಾನೆಯೇ ಇಲ್ಲ.
ಬಸ್ಸಿನಲ್ಲಿ ದಾರಿಯುದ್ದ ಚೀಟಿ ಹಿಡಿದೇ ಕೂತಳು,
ತನ್ನ ನಿಲ್ದಾಣ ದಾಟಿ ಇಳಿದು ಹಿಂದಕ್ಕೆ ನಡೆದಳು.

ಮರುದಿನ ಕೊಟ್ಟಿಗೆಯ ಹಿಂದಿನಿಂದ ಏಣಿ ಎಳೆದಳು.
ಅಪ್ಪ ಒಂದು ರಾತ್ರಿ ಕೇಳದೆ ತಂದದ್ದು, ಕೇಳದೆ ಇಟ್ಟುಕೊಂಡದ್ದು.
ಕಾಲಿನ ಮೇಲೆ ಚಾಕುವಿನಲ್ಲಿ ಕೆತ್ತಿದ ಕೊಕ್ಕರೆಯ ಹೆಸರು.
ಎಂಡೆಲ್ ಸೇಬಿನ ಮರದಡಿ ನಿಂತಿದ್ದ,
ಕೇಳುವ ಯಂತ್ರ ಒಳಗೆ ಮೇಜಿನ ಮೇಲೆ.

"ನಿಮ್ಮದು," ಎಂದಳು.
"ಏನು?"
"ನಮ್ಮದು," ಎಂದಳು, ಇನ್ನೂ ಗಟ್ಟಿಯಾಗಿ.

ಅವನು ಏಣಿಯನ್ನು ಮೇಲಿಂದ ಕೆಳಗೆ ನೋಡಿ
ಮೂರನೆಯ ಮೆಟ್ಟಿಲು ಹೋಗಿದೆಯಲ್ಲ ಎಂದು ಗೊಣಗಿದ,
ರಿಪೇರಿ ಯಾರ ಖರ್ಚಿನಲ್ಲಿ ಎಂದ.